ಜ್ವಾಲಾಮುಖಿಯ ಮಗ್ಗುಲಲ್ಲಿ ಕುಕ್ಕರ್ ಕೂಗಿಸುವುದು

ಪ್ರಶ್ನೆ: ನಾವು ಬದಿಯಡ್ಕ ಕಡೆಯ ಅಡಕೆ ಕೃಷಿಕರು. ನನಗೆ 59, ಮನೆಯವರಿಗೆ 54. ಸಸ್ಯಾಹಾರಿಗಳು, ಮೊಟ್ಟೆಯೂ ಆಗದು. ನನ್ನ ಬಲ ಮೊಣಕಾಲಿನದ್ದು ಸ್ವಲ್ಪ ತಕರಾರು. ಅವಳಿಗೆ ತಿರುವಿನ ದಾರಿಯಲ್ಲಿ ಹೋದರೆ ಹೊಟ್ಟೆ ತೊಳೆಸುತ್ತದೆ. ಅಡಕೆಗೆ ಕೊಳೆರೋಗದ ಎರಡನೇ ಸಲದ ಮದ್ದು ಬಿಟ್ಟು ಮುಗಿದ ಮೇಲೆ, ಕೊಯ್ಲಿಗೆ ಮೊದಲು, ಹನ್ನೆರಡು ದಿನ ಹಿಂದೂ ಮಹಾಸಾಗರದಲ್ಲಿ ಮಾರಿಷಸ್ ಬಳಿ ಇರುವ ಫ್ರಾನ್ಸಿನ ರಿಯೂನಿಯನ್ ದ್ವೀಪಕ್ಕೆ ಹೋಗೋಣ ಎಂದು ಮಗನ ಒತ್ತಾಯ. ನೋಡುವ ಜಾಗಗಳ ಯಾದಿಯನ್ನೂ ಕಳುಹಿಸಿದ್ದಾನೆ. ಕಾರು ಅವನೇ ಓಡಿಸುತ್ತಾನಂತೆ. ಬಾಡಿಗೆ ಮನೆಯಲ್ಲಿ ನಾವೇ ಅಡುಗೆ ಮಾಡಿಕೊಂಡು, ಜ್ವಾಲಾಮುಖಿಯ ಸುತ್ತ ನಡೆದಾಡುವ ಯೋಚನೆ. ಇದು ಆಗುವ ಕೆಲಸವೇ? ಅಡುಗೆ ಸಾಮಾನು ಎಷ್ಟು ಹೊರಬೇಕು? ಹಿಂದೆ ವೆನಿಲ್ಲಾ ನೆಟ್ಟು ಕೈ ಸುಟ್ಟುಕೊಂಡವರು ನಾವು. ಅದು ಆ ಊರಿನದ್ದೇ ಬೆಳೆಯಂತೆ, ಹೌದೇ?

ಉತ್ತರ: ಆಗುವ ಕೆಲಸವೇ. ಆದರೆ ಮಗ ಕಳುಹಿಸಿದ ಯಾದಿಯನ್ನು ಹಿಡಿದುಕೊಂಡು ಹೊರಡಬೇಡಿ. ಇಂಥ ಯಾದಿಗಳಲ್ಲಿ ಮೊದಲು ಶಿಖರಗಳು ಬರುತ್ತವೆ, ಆಮೇಲೆ ಜಲಪಾತ, ಎಲ್ಲಾ ಮುಗಿದ ಮೇಲೆ ಉಳಿಯುವ ಮನೆ. ನೀವು ತಿರುಗಾಮುರುಗಾ ಮಾಡಿ. ಮೊದಲು ಅಡುಗೆಮನೆ ಎಲ್ಲಿ ಎಂದು ತೀರ್ಮಾನವಾಗಲಿ, ನಡಿಗೆ ಅದರ ಹಿಂದೆಯೇ ಬರುತ್ತದೆ. ಆ ದ್ವೀಪದಲ್ಲಿ ಬೆಳಗ್ಗೆ ಒಂಬತ್ತು, ಹತ್ತು ಗಂಟೆಗೆಲ್ಲ ಮೋಡ ಬೆಟ್ಟ ಹತ್ತಿ ಕೂತುಬಿಡುತ್ತದೆ. ನಸುಕಿಗೆ ಎದ್ದು, ಚಾ ಕುಡಿದು, ಬುತ್ತಿ ಕಟ್ಟಿಕೊಂಡು ಆರಕ್ಕೆ ಹೊರಟವನಿಗೆ ಜ್ವಾಲಾಮುಖಿ ಕಾಣುತ್ತದೆ. ಹೋಟೆಲಿನ ತಿಂಡಿಗೆ ಕಾದು ಕೂತವನಿಗೆ ಬಿಳಿ ಮಂಜು. ಸ್ವಂತ ಅಡುಗೆಯ ದೊಡ್ಡ ಲಾಭ ಇದೇ, ದುಡ್ಡು ಉಳಿಯುವುದು ಆಮೇಲಿನ ಮಾತು.

ಅಳತೆಗೆ ಹೇಳುವುದಾದರೆ ಇಡೀ ದ್ವೀಪ 2,512 ಚದರ ಕಿಲೋಮೀಟರ್, ನಮ್ಮ ಕಾಸರಗೋಡು ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಅಷ್ಟರೊಳಗೇ 3,070 ಮೀಟರಿನ ತಣ್ಣಗಾದ ಬೆಟ್ಟವೊಂದು, ಪಿತೋಂ ದೆ ನೇಜ್. 2,632 ಮೀಟರಿನ ಉರಿಯುವ ಬೆಟ್ಟ ಇನ್ನೊಂದು, ಪಿತೋಂ ದ ಲಾ ಫುರ್ನೇಸ್. ಬೆಳಗಾವಿ, ಸೊಲ್ಲಾಪುರದ ಕಪ್ಪು ಕಲ್ಲನ್ನು ಸುಮಾರು 6.6 ಕೋಟಿ ವರ್ಷದ ಹಿಂದೆ ಕಕ್ಕಿದ್ದು ಇದೇ ಬೆಂಕಿ ಎನ್ನುತ್ತಾರೆ ಭೂವಿಜ್ಞಾನಿಗಳು. ಆಗ ನಮ್ಮ ನೆಲ ಅದರ ಮೇಲೆ ತೇಲಿಕೊಂಡು ಹೋಗುತ್ತಿತ್ತು. ನಾವು ಉತ್ತರಕ್ಕೆ ಸರಿದೆವು, ಒಲೆ ಇದ್ದಲ್ಲೇ ಉಳಿಯಿತು. ನಡುವೆ ಲಕ್ಷದ್ವೀಪದ ಅಡಿಪಾಯ, ಮಾಲ್ಡೀವ್ಸ್, ಮಾರಿಷಸ್ ಎಲ್ಲ ಅದೇ ಒಲೆಯ ಮೇಲೆ ಒಂದಾದ ಮೇಲೊಂದು ಎದ್ದವು.

ಇನ್ನು ಮಳೆ. ವರ್ಷಕ್ಕೆ ಮೂರೂವರೆ ಮೀಟರ್ ಮಳೆ ಸುರಿಯುವ ಊರಿನವರು ನಾವು ಎಂದು ನಮಗೊಂದು ಹಮ್ಮು ಇರುತ್ತದೆ. 2007ರ ಫೆಬ್ರವರಿಯಲ್ಲಿ ಚಂಡಮಾರುತವೊಂದು ಬಂದಾಗ ಆ ಜ್ವಾಲಾಮುಖಿಯ ಹತ್ತಿರದ ಕೊಮ್ಮರ್ಸೋಂ ಎಂಬಲ್ಲಿ ಮೂರೇ ದಿನಕ್ಕೆ 3.9 ಮೀಟರ್ ಬಿದ್ದಿತ್ತು. ನಮ್ಮ ಇಡೀ ವರ್ಷದ್ದು, ಮೇಲೆ ಕೊಸರು ಬೇರೆ! ಹಾಗಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಅತ್ತ ತಲೆ ಹಾಕುವುದೇ ಬೇಡ. ಮದ್ದು ಬಿಟ್ಟಾದ ಮೇಲೆ ಎಂದಿರಲ್ಲ, ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮೊದಲ ವಾರದೊಳಗೆ ಹೋಗಿ ಬನ್ನಿ. ಭೂಮಧ್ಯರೇಖೆಯ ಆಚೆಗಿನ ಊರಾದ್ದರಿಂದ ಅಲ್ಲಿ ಆಗ ಚಳಿಗಾಲ ಮುಗಿಯುತ್ತಾ ಬಂದಿರುತ್ತದೆ, ಆಕಾಶ ತಕ್ಕಮಟ್ಟಿಗೆ ಶುಭ್ರ. ಅಕ್ಟೋಬರ್ ನಡುವಿನ ನಂತರ ದ್ವೀಪವನ್ನು ಅಡ್ಡಕ್ಕೆ ಓಡಿ ದಾಟುವ ದೊಡ್ಡ ಪಂದ್ಯವೊಂದು ನಡೆಯುತ್ತದೆ, ಆಗ ಬೆಟ್ಟದ ಮೇಲಿನ ತಂಗುದಾಣಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಅಡುಗೆಗೆ ಬರೋಣ. ಬಾಡಿಗೆ ಮನೆಗೆ ಅಲ್ಲಿ ‘ಝೀತ್’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ‘ಜೀತ’ ಎಂದೇ ಕೇಳುವುದು. ಗಾಬರಿ ಬೇಡ, ಒಲೆ, ಫ್ರಿಜ್, ನಾಲ್ಕು ಪಾತ್ರೆ, ಮಂಚ ಇರುವ ಮನೆ ಅಷ್ಟೆ. ಕಾದಿರಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ಒಲೆ ಯಾವುದು? ನಾನು ಮೊದಲ ಸಲ ಹೋದಾಗ ಕೇಳಿರಲಿಲ್ಲ. ಮನೆಯಿಂದ ಅಲ್ಯೂಮಿನಿಯಂ ಕುಕ್ಕರನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಒಯ್ದಿದ್ದೆ. ನೋಡಿದರೆ ಅಲ್ಲಿದ್ದದ್ದು ಇಂಡಕ್ಷನ್ ಒಲೆ. ನನ್ನ ಕುಕ್ಕರ್ ಇಟ್ಟರೆ ಎರಡು ಸಲ ಕೀಂ ಎಂದು ಸುಮ್ಮನಾಯಿತು. ನೆನೆಸಿಟ್ಟ ಬೇಳೆಯ ಎದುರು ಕೂತು ಬಾಳೆಹಣ್ಣು, ರೊಟ್ಟಿ ತಿಂದು ಮಲಗಿದೆವು. ಆದ್ದರಿಂದ ಇಂಡಕ್ಷನ್ನಿಗೂ ಆಗುವ ಸ್ಟೀಲಿನ ಎರಡು ಲೀಟರ್ ಕುಕ್ಕರ್ ಒಯ್ಯಿರಿ. ಭಾರ ಎಂದು ಮಗ ಗೊಣಗಿದರೆ ಗೊಣಗಲಿ. ನೀವು ಉಳಿಯಲಿರುವ ಒಂದು ಊರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಕುದಿಯುತ್ತದೆ, ಬೇಳೆ ಬೇಯುವುದಿಲ್ಲ! ತೆರೆದ ಪಾತ್ರೆಯಲ್ಲಿ ಕಾಳು ಬೇಯಿಸಲು ಹೊರಟರೆ ರಾತ್ರಿ ಹತ್ತು ಗಂಟೆ.

ಸಾಮಾನು ಎಷ್ಟು ಹೊರಬೇಕು ಎಂದಿರಿ. ಕುಕ್ಕರ್ ಬಿಟ್ಟರೆ ಒಂದು ಕೈಚೀಲ ಸಾಕು. ಸಾರಿನ ಪುಡಿ, ಇಂಗು, ಕೊದಿಲಿನ (ಸಾಂಬಾರಿನ) ಪುಡಿ, ಒಂದು ಪೊಟ್ಟಣ ಹಲಸಿನ ಹಪ್ಪಳ, ಬುತ್ತಿಗೆ ಎರಡು ಕಿಲೋ ಅವಲಕ್ಕಿ. ಎಲ್ಲವೂ ಮೊಹರು ಮಾಡಿದ ಪ್ಯಾಕೆಟ್ಟಿನಲ್ಲಿರಲಿ, ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ಕೇಳಿದರೆ ಮುಚ್ಚಿಡದೆ ತೋರಿಸಿ. ಹಾಲಿನದ್ದು ಏನೂ ಬೇಡ, ಎಂದರೆ ತುಪ್ಪ, ಪೇಡಾ, ಹಾಲಿನ ಪುಡಿ ಮನೆಯಲ್ಲೇ ಇರಲಿ. ಬಾಳಕ ಮೆಣಸು ಮಜ್ಜಿಗೆಯಲ್ಲಿ ಅದ್ದಿದ್ದು ಎಂದು ಆ ಅಧಿಕಾರಿಗೆ ವಿವರಿಸುತ್ತಾ ನಿಲ್ಲುವ ಬದಲು ಅದನ್ನೂ ಬಿಡಿ. ಹಸಿ ಹಣ್ಣು, ತರಕಾರಿ, ಕರಿಬೇವಿನ ಸೊಪ್ಪು, ಬಿತ್ತಿದರೆ ಮೊಳೆಯುವ ಕಾಳು ಇವಕ್ಕೂ ತಕರಾರು ಬರುತ್ತದೆ. ದ್ವೀಪದವರಿಗೆ ಗಿಡದ ರೋಗದ ಭಯ ಜಾಸ್ತಿ. ಕೊಳೆರೋಗ ಕಂಡ ನಿಮಗೆ ಆ ಭಯದ ಅರ್ಥ ನಾನು ಹೇಳಬೇಕಾಗಿಲ್ಲ.

ಉಳಿದದ್ದೆಲ್ಲ ಅಲ್ಲೇ ಸಿಗುತ್ತದೆ. ನಮ್ಮದೇ ಹೆಸರಲ್ಲಿ ಸಿಗುತ್ತದೆ ಎನ್ನುವುದು ಮೋಜಿನ ವಿಷಯ. 1848ರಲ್ಲಿ ಅಲ್ಲಿ ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. ಪಾಂಡಿಚೇರಿ, ಕಾರೈಕಾಲ್ ಕಡೆಯಿಂದ ಸಾವಿರಾರು ತಮಿಳರನ್ನು ಕರಾರಿನ ಮೇಲೆ ಹಡಗು ಹತ್ತಿಸಿದರು. ಅವರ ಮಕ್ಕಳು ಮೊಮ್ಮಕ್ಕಳನ್ನು ಇವತ್ತಿಗೂ ಅಲ್ಲಿ ‘ಮಲ್ಬಾರ್’ ಎನ್ನುತ್ತಾರೆ, ಮಲಬಾರಿನ ಮಣ್ಣು ಮೆಟ್ಟದಿದ್ದರೂ! ಆ ಜನ ಭಾಷೆಯನ್ನು ಬಹುಮಟ್ಟಿಗೆ ಕಳೆದುಕೊಂಡರು, ಅಡುಗೆಮನೆಯ ಮಾತನ್ನು ಬಿಡಲಿಲ್ಲ. ಸಂತೆಯಲ್ಲಿ ‘ಕಲುಪಿಲೆ’ ಎಂದರೆ ಕರಿಬೇವು, ತಮಿಳಿನ ಕರುವೇಪ್ಪಿಲೈ. ‘ಮುರೂಂಗ್’ ನುಗ್ಗೆ. ‘ಪಿಪಂಗಾಯ್’ ಹೀರೆಯ ಜಾತಿಯದ್ದು. ‘ಬ್ರೆದ್’ ಎಂದರೆ ಬ್ರೆಡ್ಡಲ್ಲ, ಸೊಪ್ಪು. ಹರಿವೆ, ಗಣಿಕೆ ಸೊಪ್ಪು, ಸೀಮೆಬದನೆಯ ಕುಡಿ ಎಲ್ಲ ಕಟ್ಟುಕಟ್ಟಾಗಿ ಇಟ್ಟಿರುತ್ತಾರೆ. ‘ಬ್ರೆದ್ ಸೋಂಜ್’ ಎಂದು ಕೇಳಿ ನೋಡಿ, ಕೆಸುವಿನ ಎಲೆ. ಪತ್ರೊಡೆಯ ಆಸೆ ಹುಟ್ಟಿದರೆ ನಾನು ಜವಾಬ್ದಾರನಲ್ಲ, ಆದರೆ ತುರಿಕೆ ಅಲ್ಲಿಯದ್ದಕ್ಕೂ ಇದೆ, ಹುಣಿಸೆಹುಳಿ ಮರೆಯಬೇಡಿ. ಗುಜ್ಜೆಯನ್ನು, ಎಂದರೆ ಎಳೆ ಹಲಸನ್ನು, ಕೊಚ್ಚಿ ತೂಗಿ ಮಾರುತ್ತಾರೆ. ನಿಮ್ಮ ಮನೆಯವರಿಗೆ ಅಂಟು ಬಿಡಿಸುವ ಕೆಲಸ ತಪ್ಪಿತು.

ಒಂದು ಬಾಡಿಗೆ ಮನೆಯ ಯಜಮಾನಿ ನಮಗೆ ‘ರುಗಾಯ್’ ಮಾಡಿ ತೋರಿಸಿದ್ದು ನೆನಪಿದೆ. ಲಾವಾ ಕಲ್ಲಿನದ್ದೇ ಕುಟ್ಟಾಣಿ, ಒಳಗೆಲ್ಲ ಸೂಜಿಮೊನೆಯಂಥ ತೂತು. ನಾಲ್ಕು ಹಸಿಮೆಣಸು, ಬೆರಳುದ್ದ ಶುಂಠಿ, ಕಲ್ಲುಪ್ಪು ಹಾಕಿ ಜಜ್ಜಿದರು. ಕೊನೆಗೆ ಹೆಚ್ಚಿದ ಟೊಮೆಟೊ, ಈರುಳ್ಳಿ ಸೇರಿಸಿ, ಮೇಲಿನಿಂದ ಗಂಟುಗಂಟು ಸಿಪ್ಪೆಯ ಒಂದು ನಿಂಬೆಯನ್ನು ಎರಡೇ ಸಲ ಹೆರೆದರು. ಆ ಸಿಪ್ಪೆಯ ಪರಿಮಳಕ್ಕೆ ಕೋಣೆಯೇ ತುಂಬಿತು. ನಮ್ಮ ಹಸಿ ಗೊಜ್ಜಿನ ಅಕ್ಕ ಎನ್ನಬೇಕು. ಜಜ್ಜುವ ಗುಂಡನ್ನು ಅವರು ‘ಕಲು’ ಎಂದು ಕರೆದಾಗ ನಾನು ಅದನ್ನು ಮುಟ್ಟಿ “ಕಲ್ಲು” ಎಂದೆ. ಅವರು ನನ್ನ ಉಚ್ಚಾರ ತಪ್ಪೆಂದು ತಿದ್ದಿದರು!

ಹೊರಗೆ ತಿನ್ನುವಾಗ ಮಾತ್ರ ಎಚ್ಚರ ಬೇಕು. ಅನ್ನ, ಕಾಳಿನ ಗಸಿ, ಸೊಪ್ಪಿನ ತಾಳು, ರುಗಾಯ್ ಎಂದು ತಟ್ಟೆ ನೋಡಿದರೆ ನಮ್ಮದೇ ಊಟ. ಆದರೆ ಕಾಳಿಗೆ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ಚೂರು ಹಾಕುವ ರೂಢಿ ಇದೆ, ಗುಜ್ಜೆಯ ಪದಾರ್ಥಕ್ಕಂತೂ ಹಾಕಿಯೇ ಹಾಕುತ್ತಾರೆ. ‘ಸಸ್ಯಾಹಾರಿ’ ಎಂದರೆ ಮೀನು ನಡೆಯುತ್ತದೆ ಎಂದುಕೊಳ್ಳುವವರೂ ಇದ್ದಾರೆ. ಮಾಂಸ, ಮೀನು, ಮೊಟ್ಟೆ ಮೂರೂ ಬೇಡ ಎಂದು ಮಗ ಫ್ರೆಂಚಿನಲ್ಲಿ ಒಂದು ಚೀಟಿ ಬರೆದಿಡಲಿ, ನಿಮ್ಮ ಜೇಬಿನಲ್ಲೂ ಒಂದು ಇರಲಿ. ಬೀದಿಬದಿಯಲ್ಲಿ ‘ಬೊಂಬೋಂ ಪಿಮಾಂ’ ಸಿಕ್ಕಿದರೆ ಬಿಡಬೇಡಿ. ಕಾಳು ರುಬ್ಬಿ, ಹಸಿಮೆಣಸು ಹಾಕಿ ಕರಿದ ಸಣ್ಣ ಉದ್ದಿನವಡೆಯ ಆಕಾರ, ರುಚಿ ನಮ್ಮ ಆಂಬೊಡೆಯದ್ದು.

ಈಗ ಮನೆಗಳು. ಹತ್ತು ರಾತ್ರಿಗೆ ಐದಾರು ಊರು ಬದಲಿಸುವವರಿದ್ದಾರೆ. ಪ್ರತಿ ಸಲ ಅಡುಗೆಮನೆ ಕಟ್ಟಿ ಬಿಚ್ಚುವುದಕ್ಕೆ ಅರ್ಧ ದಿನ ಹೋಗುತ್ತದೆ, ಅರ್ಧ ಬಾಟ್ಲಿ ಎಣ್ಣೆ ಪ್ರತಿ ಮನೆಯಲ್ಲೂ ಬಿಟ್ಟು ಬರಬೇಕಾಗುತ್ತದೆ. ನಿಮಗೆ ನಾಲ್ಕು ಸಾಕು. ದಕ್ಷಿಣದ ಸಾಂ ಪಿಯೇರ್ ಎಂಬ ಕಡಲ ತಡಿಯ ಪೇಟೆಯಲ್ಲಿ ಮೊದಲ ಎರಡು ರಾತ್ರಿ. ಅಲ್ಲಿ ಶನಿವಾರ ಬೆಳಗ್ಗೆ ಸಂತೆ, ವಿಮಾನದ ದಿನವನ್ನೇ ಅದಕ್ಕೆ ಹೊಂದಿಸಿಕೊಳ್ಳಿ. ಭಾನುವಾರ ಮಧ್ಯಾಹ್ನ ಅಂಗಡಿಗಳು ಮುಚ್ಚುತ್ತವೆ. ಅಲ್ಲಿಂದ ಮೇಲೆ ಬೂರ್ ಮ್ಯೂರಾದಲ್ಲಿ ಮೂರು ರಾತ್ರಿ. 1,600 ಮೀಟರ್ ಎಂದೆನಲ್ಲ, ಆ ಊರು ಇದೇ. ರಾತ್ರಿ ಕೈಕಾಲು ಮರಗಟ್ಟುವ ಚಳಿ, ಸ್ವೆಟರ್, ಕಾಲುಚೀಲ, ಮಂಕಿ ಟೋಪಿ ಬೇಕೇ ಬೇಕು. ಮತ್ತೆ ಪೂರ್ವದ ಕರಾವಳಿಯಲ್ಲಿ ಸಾಂ ಫಿಲೀಪ್ ಅಥವಾ ಸಾಂತ್ ರೋಜ್ ಹತ್ತಿರ ಎರಡು. ಕೊನೆಗೆ ಸಲಾಝಿ ಕಣಿವೆಯ ಎಲ್-ಬೂರ್‌ನಲ್ಲಿ ಮೂರು. ಅದರಲ್ಲಿ ಒಂದು ರಾತ್ರಿ ಕಾಡಿನೊಳಗೆ, ಹೇಳುತ್ತೇನೆ.

ಎಲ್ಲರೂ ಹೊಗಳುವ ಸಿಲಾವೋಸ್ ಕಣಿವೆಯನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿಗೆ ಹತ್ತುವ ದಾರಿಗೆ ಸುಮಾರು 400 ತಿರುವು. ನಿಮ್ಮ ಮನೆಯವರ ಹೊಟ್ಟೆಯ ವಿಷಯ ಓದಿದ ಮೇಲೆ ಆ ದಾರಿಯನ್ನು ಹೇಳಲು ಮನಸ್ಸು ಬರಲಿಲ್ಲ. ಸಲಾಝಿಗೂ ತಿರುವು ಇದೆ, ಆದರೆ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋದವರಿಗೆ ತಡೆಯುವಷ್ಟು. ಸಿಲಾವೋಸಿನ ಹೆಸರುವಾಸಿ ಸಣ್ಣ ಕಂದು ಮಸೂರವನ್ನು ಸಾಂ ಪಿಯೇರ್ ಸಂತೆಯಲ್ಲೇ ಕೊಂಡುಬಿಡಿ. ಬೆಲೆ ಕೇಳಿ ಎದೆ ಧಸಕ್ ಎನ್ನುತ್ತದೆ, ಆದರೂ ಒಂದು ಕಿಲೋ ತಗೊಳ್ಳಿ. ಕುಕ್ಕರಿನಲ್ಲಿ ಮೂರು ಕೂಗಿಗೆ ಹೂವಿನ ಹಾಗೆ ಬೇಯುತ್ತದೆ, ಒಡೆಯುವುದಿಲ್ಲ. ಬೆಳ್ಳುಳ್ಳಿ ಒಗ್ಗರಣೆ ಒಂದು ಸಾಕು. ಪಿತೋಂ ದೆ ನೇಜ್ ಹತ್ತುವ ಮಾತನ್ನೂ ಮರೆತುಬಿಡಿ. ರಾತ್ರಿ ಎರಡು, ಮೂರು ಗಂಟೆಗೆ ತಲೆಗೆ ದೀಪ ಕಟ್ಟಿಕೊಂಡು ಹತ್ತಿ, ಸುಮಾರು 1,700 ಮೀಟರ್ ಇಳಿಯಬೇಕು. ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಶತ್ರು ಎಂದು ನಿಮಗೇ ಗೊತ್ತಿದೆ.

ಉರಿಯುವ ಬೆಟ್ಟದ್ದು ಹಾಗಲ್ಲ, ಅದು ನಿಮಗೆ ಸಾಧ್ಯ. ಬೂರ್ ಮ್ಯೂರಾದಿಂದ ಕಾರಿನಲ್ಲಿ ಹೊರಟರೆ ಮೊದಲು ಹಸುಗಳು ಮೇಯುವ ಗುಡ್ಡ, ಆಮೇಲೆ ಕುರುಚಲು, ಆಮೇಲೆ ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಗಿಡವೇ ಇಲ್ಲದ ಕೆಂಪು ಮಿಶ್ರಿತ ಕಪ್ಪು ಮರಳಿನ ಬಯಲು. ನಮ್ಮ ಮುರಕಲ್ಲಿನ ಪಾರೆಯನ್ನು ಏಪ್ರಿಲ್ ಬಿಸಿಲಲ್ಲಿ ನೋಡಿದವರಿಗೂ ಇಷ್ಟು ಬೋಳು ಕಂಡಿರಲಿಕ್ಕಿಲ್ಲ. ದಾರಿ ಮುಗಿಯುವುದು 2,311 ಮೀಟರ್ ಎತ್ತರದ ಪಾ ದ ಬೆಲ್ಕೋಂಬ್ ಎಂಬಲ್ಲಿ. ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಿ. ಕೆಳಗೆ ಕೋಟೆಗೋಡೆಯಂಥ ಬಂಡೆ ಆವರಿಸಿದ ದೊಡ್ಡ ಅಂಗಳ, ಅದರ ನಡುವೆ ಬೆಟ್ಟ. ಅಂಗಳಕ್ಕಿಳಿಯಲು ಐನೂರಕ್ಕೂ ಮಿಕ್ಕಿ ಮೆಟ್ಟಿಲಿದೆ. ಇಳಿದರೆ ಹತ್ತಲೇಬೇಕು, ಇದನ್ನು ಲೆಕ್ಕದಲ್ಲಿಡಿ. ನೀವು ಇಳಿದು, 1753ರಲ್ಲಿ ಎದ್ದ ಫೊರ್ಮಿಕಾ ಲಿಯೋ ಎಂಬ ಕೆಂಪು ಪುಟ್ಟ ಗುಡ್ಡದವರೆಗೆ ಹೋಗಿ ಬನ್ನಿ. ನಿಧಾನಕ್ಕೆ ನಡೆದರೂ ಎರಡು ಗಂಟೆ. ಮಗ ಬೇಕಿದ್ದರೆ ಮುಂದೆ ಬಾಯಿಯ ಅಂಚಿನವರೆಗೆ ಹೋಗಲಿ, ಅವನಿಗೆ ಹೋಗಿ ಬರಲು ಐದು ಗಂಟೆ ಬೇಕು. 2007ರ ಏಪ್ರಿಲ್‌ನಲ್ಲಿ ಆ ಬಾಯಿಯ ತಳ ಮುನ್ನೂರು ಮೀಟರಿಗೂ ಹೆಚ್ಚು ಕುಸಿದು ಹೋಯಿತು. ಅಂಚಿನಲ್ಲಿ ಬೇಲಿ ದಾಟುವ ಧೈರ್ಯ ಬೇಡ ಎಂದು ಅವನಿಗೆ ಹೇಳಿ ಕಳುಹಿಸಿ.

ಲಾವಾದ ಮೇಲೆ ನಡೆಯುವಾಗ ಕಲ್ಲಿಗೆ ಹೊಡೆದ ಬಿಳಿ ಬಣ್ಣದ ಗುರುತೇ ದಾರಿ. ಮಂಜು ಬಂದು ಮುಂದಿನ ಗುರುತು ಕಾಣದಿದ್ದರೆ ಹಿಂದಿನದರ ಬಳಿ ನಿಂತುಬಿಡಿ, ಹುಡುಕುತ್ತಾ ಹೋಗಬೇಡಿ. ಕಲ್ಲಿನಲ್ಲಿ ಎರಡು ಬಗೆ. ಒಂದು ಹಗ್ಗ ಹೊಸೆದ ಹಾಗೆ ಮಡಿಕೆ ಮಡಿಕೆಯಾಗಿ ನುಣ್ಣಗಿರುವುದು, ಬೆಲ್ಲದ ಪಾಕ ಕೊಪ್ಪರಿಗೆಯಿಂದ ಚೆಲ್ಲಿ ಗಟ್ಟಿಯಾದಂತೆ. ಇನ್ನೊಂದು ಒಡೆದ ಗಾಜಿನ ರಾಶಿ. ಎರಡನೆಯದರ ಮೇಲೆ ಅಂಗೈ ಊರಿದರೆ ರಕ್ತ. ತೋಟಕ್ಕೆ ಹಾಕುವ ರಬ್ಬರ್ ಚಪ್ಪಲಿಯಾಗಲಿ, ಗಮ್‌ಬೂಟಾಗಲಿ ಇದಕ್ಕೆ ಆಗದು. ದಪ್ಪ ಅಟ್ಟೆಯ, ಪಾದದ ಗಂಟು ಮುಚ್ಚುವ ಶೂ ತೆಗೆದುಕೊಂಡು ಈಗಿನಿಂದಲೇ ಪೊಸಡಿ ಗುಂಪೆಗೆ ವಾರಕ್ಕೆರಡು ಸಲ ಹತ್ತಿ ಇಳಿಯಿರಿ. ಶೂವೂ ಪಳಗುತ್ತದೆ, ಮೊಣಕಾಲು ಏನು ಹೇಳುತ್ತದೆ ಎನ್ನುವುದೂ ತಿಳಿಯುತ್ತದೆ. ಊರುಗೋಲು ಎರಡು ಇರಲಿ. ನೀರು ಒಬ್ಬೊಬ್ಬರಿಗೆ ಎರಡು ಲೀಟರ್. ಅಲ್ಲಿ ನೆರಳೆಂಬುದು ಇಲ್ಲ, ತೊರೆಯೂ ಇಲ್ಲ.

ಬೆಟ್ಟ ಉರಿಯಲು ಸುರುವಾದರೆ? ಹೆಚ್ಚಿನ ವರ್ಷಗಳಲ್ಲಿ ಒಂದಲ್ಲ ಒಂದು ಸಲ ಉರಿಯುತ್ತದೆ. ಉಕ್ಕಿದ್ದು ಸಾಧಾರಣವಾಗಿ ಆ ಅಂಗಳದೊಳಗೇ ಉಳಿದು, ಜನರಿಲ್ಲದ ಪೂರ್ವದ ಇಳಿಜಾರಿನಲ್ಲಿ ಕಡಲಿನ ಕಡೆಗೆ ಹರಿಯುತ್ತದೆ. ಸರ್ಕಾರ ಕೂಡಲೇ ಅಂಗಳದ ಬಾಗಿಲು ಹಾಕುತ್ತದೆ, ನೀವು ಹೊರಗಿನಿಂದ ನೋಡುವುದು. ನಿಮ್ಮ ನಡಿಗೆ ತಪ್ಪಿತು, ನಸೀಬು ಖುಲಾಯಿಸಿತು ಎಂದುಕೊಳ್ಳಿ.

ಆ ಹರಿವು ಕಡಲಿಗಿಳಿದ ಜಾಗವನ್ನು ನೋಡಲು ಬೆಟ್ಟ ಹತ್ತಬೇಕಾಗಿಲ್ಲ. ಸಾಂ ಫಿಲೀಪಿನಿಂದ ಸಾಂತ್ ರೋಜ್‌ಗೆ ಹೋಗುವ ಹೆದ್ದಾರಿ ಲಾವಾದ ಮೇಲೆಯೇ ಹಾದುಹೋಗುತ್ತದೆ. ಯಾವ ವರ್ಷದ ಹರಿವು ಎಂದು ಬದಿಯಲ್ಲಿ ಫಲಕ ನೆಟ್ಟಿದ್ದಾರೆ. 2007ರದ್ದು ರಸ್ತೆಯನ್ನು ಹೂತುಹಾಕಿ ಕಡಲಿಗೆ ಬಿದ್ದು ದ್ವೀಪಕ್ಕೇ ಹೊಸ ನೆಲ ಸೇರಿಸಿತು. ವರ್ಷಗಟ್ಟಲೆ ಮಳೆ ಬಿದ್ದಾಗಲೆಲ್ಲ ಅದರ ಬಿರುಕುಗಳಲ್ಲಿ ಆವಿ ಏಳುತ್ತಿತ್ತು. ಅಲ್ಲಿ ಕಾರು ನಿಲ್ಲಿಸಿ, ಮೊಣಕಾಲೂರಿ ನೋಡಿ. ಕಲ್ಲಿನ ಮೇಲೆ ಬೂದಿ ಬಣ್ಣದ, ಹವಳದಂತೆ ಕವಲೊಡೆದ ಕಲ್ಲುಹೂವು ಹಬ್ಬಿರುತ್ತದೆ. ಬಿರುಕಿನಲ್ಲಿ ಒಂದೊಂದು ಜರಿಗಿಡ. ಹಳೆಯ ಹರಿವಿಗೆ ಬಂದರೆ ಪೊದೆ, ಇನ್ನೂ ಹಳೆಯದರಲ್ಲಿ ಕಾಡು. ಬೆಂಕಿ ಮಣ್ಣಾಗುವುದನ್ನು ಅರ್ಧ ಗಂಟೆಯ ದಾರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೋಡಬಹುದು. ಸಾಂತ್ ರೋಜ್ ಪಕ್ಕದ ಇಗರ್ಜಿಯೊಂದರಲ್ಲಿ 1977ರಲ್ಲಿ ಅಂಗಳ ಮೀರಿ ಬಂದ ಲಾವಾ ಗೋಡೆಯನ್ನು ಬಳಸಿ, ಬಾಗಿಲಲ್ಲಿ ಬಂದು ನಿಂತಿತ್ತು. ಪಕ್ಕದ ಮನೆಗಳು ಉಳಿಯಲಿಲ್ಲ.

ಕಾಡಿನ ಒಂದು ರಾತ್ರಿ ಎಂದೆನಲ್ಲ, ಅದು ಮಫಾತ್. ರಸ್ತೆಯೇ ಇಲ್ಲದ ಕಣಿವೆ, ನೂರಾರು ಜನ ಅದರೊಳಗೆ ಬದುಕುತ್ತಾರೆ. ಅಕ್ಕಿ, ಗ್ಯಾಸು, ಸಿಮೆಂಟು ಎಲ್ಲ ಬರುವುದು ಹೆಲಿಕಾಪ್ಟರಿನಲ್ಲಿ, ಇಲ್ಲವೇ ಹೆಗಲ ಮೇಲೆ. ಗುಲಾಮರು ತಪ್ಪಿಸಿಕೊಂಡು ಅಡಗಿದ ಜಾಗ ಅದು. ಸಲಾಝಿ ಕಡೆಯಿಂದ ಕೋಲ್ ದೆ ಬೊ ಎಂಬ ಕಣಿವೆದಾರಿಯಲ್ಲಿ ಲಾ ನೂವೆಲ್ ಎಂಬ ಊರಿಗೆ ಎರಡು ಗಂಟೆ, ನಿಮಗೆ ಮೂರು ಎಂದಿಟ್ಟುಕೊಳ್ಳಿ. ಸುಮಾರು ಐನೂರು ಮೀಟರ್ ಇಳಿತ, ಮರುದಿನ ಅಷ್ಟೇ ಹತ್ತುವುದು. ಈ ಒಂದು ರಾತ್ರಿಗೆ ಕುಕ್ಕರ್ ಕಾರಿನಲ್ಲೇ ಇರಲಿ. ತಂಗುದಾಣದವರೇ ಊಟ ಹಾಕುತ್ತಾರೆ, ಕಾದಿರಿಸುವಾಗಲೇ ನಿಮ್ಮ ಚೀಟಿಯ ಮಾತನ್ನು ಬರೆದು ತಿಳಿಸಿ. ದಾರಿಗೆ ಅವಲಕ್ಕಿ, ಬೆಲ್ಲ, ಬಾಳೆಹಣ್ಣು. ಮಳೆ ಬಂದ ಮರುದಿನ ಅಲ್ಲಿನ ದಾರಿಗಳನ್ನು ಮುಚ್ಚುವುದುಂಟು, ಹೊರಡುವ ಮುನ್ನ ಅಲ್ಲಿನ ಅರಣ್ಯ ಇಲಾಖೆಯ ಪ್ರಕಟಣೆ ನೋಡಲು ಮಗನಿಗೆ ಹೇಳಿ. ವಿಷದ ಹಾವಿನ ಹೆದರಿಕೆ ಮಾತ್ರ ಬೇಡ, ಆ ದ್ವೀಪದಲ್ಲಿ ಅದು ಇಲ್ಲ.

ಕಾಗದಪತ್ರದ ವಿಷಯ ಚುಟುಕಾಗಿ. ಫ್ರಾನ್ಸಿನದ್ದೇ ಭಾಗ, ಯೂರೋ ಚಲಾವಣೆ. ಆದರೆ ಒಂದೇ ವೀಸಾದಲ್ಲಿ ಯುರೋಪು ಸುತ್ತಬಹುದಾದ ಷೆಂಗೆನ್ ವಲಯದ ಹೊರಗೆ, ಹಾಗಾಗಿ ವೀಸಾ ಅರ್ಜಿಯಲ್ಲಿ ರಿಯೂನಿಯನ್ ಎಂದೇ ಬರೆಯಬೇಕು. ಮುಂಬೈಯಿಂದ ಮಾರಿಷಸ್, ಅಲ್ಲಿಂದ ಮುಕ್ಕಾಲು ಗಂಟೆಯ ವಿಮಾನ. ಮಗನಿಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು, ಅಲ್ಲಿ ಕಾರು ಬಲಬದಿಗೆ. ಕಡಲು ಕಂಡ ಕೂಡಲೇ ಇಳಿಯಬೇಡಿ, ಶಾರ್ಕಿನ ಕಾಟದಿಂದ ಗುರುತು ಮಾಡಿದ ಕಡೆ ಮಾತ್ರ ಸ್ನಾನ.

ಕೊನೆಗೆ ವೆನಿಲ್ಲಾ. ಬಳ್ಳಿ ಮೆಕ್ಸಿಕೋದ್ದು, ಆದರೆ ನಿಮ್ಮ ಮನೆಯವರ ಕೈಗೆ ಬಂದ ವಿದ್ಯೆ ಆ ದ್ವೀಪದ್ದೇ. ಬಳ್ಳಿಯನ್ನು ಅಲ್ಲಿಗೆ ತಂದು ನೆಟ್ಟರೂ ಕಾಯಿ ಕಟ್ಟುತ್ತಿರಲಿಲ್ಲ, ಪರಾಗ ಮುಟ್ಟಿಸುವ ಹುಳ ಅಲ್ಲಿರಲಿಲ್ಲ. 1841ರಲ್ಲಿ ಎದ್ಮೋಂ ಅಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಒಂದು ಕಡ್ಡಿಯಿಂದ ಹೂವಿನೊಳಗಿನ ಪರದೆ ಎತ್ತಿ, ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ನಮ್ಮ ಕಡೆ 2000ರ ಸುಮಾರಿಗೆ ಬೆಳಗ್ಗೆ ಬೆಳಗ್ಗೆ ಮನೆಮಂದಿಯೆಲ್ಲ ತೋಟದಲ್ಲಿ ಮಾಡಿದ್ದು ಅದನ್ನೇ, ಅದೇ ಕಡ್ಡಿ, ಅದೇ ಹೆಬ್ಬೆರಳು. 1848ರಲ್ಲಿ ಬಿಡುಗಡೆಯಾದ ಆತ 1880ರಲ್ಲಿ ಬಡವನಾಗಿಯೇ ಸತ್ತ. ಆ ಬೆಳೆಯಿಂದ ದುಡ್ಡು ಮಾಡಿದವರು ಬೇರೆ, ಇದೂ ನಿಮಗೆ ಹೊಸ ಕತೆಯೇನಲ್ಲ. ಸಾಂ ಫಿಲೀಪ್ ಬದಿಯಲ್ಲಿ ಹಳೆಯ ಲಾವಾದ ಮೇಲಿನ ಕಾಡಿನೊಳಗೆ, ಕೇದಗೆಯ ಜಾತಿಯ ಮರಕ್ಕೆ ಹಬ್ಬಿಸಿದ ಬಳ್ಳಿ ಕಾಣಲು ಸಿಗುತ್ತದೆ. ಸೆಪ್ಟೆಂಬರ್ ಕೊನೆಗೆ ಹೂ ಸುರುವಾಗುತ್ತದೆ. ಬೆಳಗ್ಗೆ ಹತ್ತರೊಳಗೆ ಹೋಗಿ, ಅರಳಿದ ಹೂ ಮಧ್ಯಾಹ್ನಕ್ಕೆಲ್ಲ ಬಾಡುತ್ತದೆ ಎಂದು ನಿಮ್ಮ ಮನೆಯವರಿಗೆ ಹೇಳಬೇಕಾಗಿಲ್ಲ. ಒಂದು ಹೂ ಕಟ್ಟಲು ಬಿಡುತ್ತೀರಾ ಎಂದು ಅವರು ತೋಟದವರನ್ನು ಸನ್ನೆಯಲ್ಲೇ ಕೇಳಲಿ. ನಾನು ಹೋದಾಗ ಕಡ್ಡಿ ನನ್ನ ಕೈಗೆ ಕೊಟ್ಟಿದ್ದರು, ಮೂರರಲ್ಲಿ ಎರಡು ಹೂ ಹರಿದುಹಾಕಿದೆ.